ನಿಗಡಿಯಲ್ಲೊಂದು ಅಳಿವೆ

ಕನ್ನಡ ನೀರನ್ನು ನಾಲಿಗೆಯಿಂದ ಅಳೆಯುತ್ತದೆ. ಕುಡಿಯಲಾಗುವುದು ಸಿಹಿನೀರು, ಕಡಲಿನದು ಉಪ್ಪುನೀರು. ಸಿಹಿನೀರಿನಲ್ಲಿ ಸಕ್ಕರೆ ಇಲ್ಲವೆಂದು ಗೊತ್ತಿದ್ದೂ ಯಾರೂ ತಕರಾರು ತೆಗೆಯುವುದಿಲ್ಲ. ಮರಾಠಿಯವರೂ ಅದನ್ನು ಗೋಡೆ ಪಾಣಿ, ಅಂದರೆ ಸಿಹಿಯಾದ ನೀರು ಎಂದೇ ಕರೆಯುತ್ತಾರೆ. ಈ ಎರಡರ ನಡುವಿನ ನೀರಿಗೆ ಬಂದಾಗ ಮಾತ್ರ ಭಾಷೆ ಸ್ವಲ್ಪ ಮುಖ ಸಿಂಡರಿಸುತ್ತದೆ. ಚೌಳು, ಸವಳು ಎಂದೊಡನೆ ಕೆಟ್ಟುಹೋದ ಬಾವಿ, ಬೆಳೆ ಏಳದ ಹೊಲ ನೆನಪಾಗುತ್ತವೆ. ಮರಾಠಿಯ ಮಚೂಳ ಕೂಡ ಹಾಗೆಯೇ, ಬಾಯಿಗಿಟ್ಟರೆ ಉಗಿಯಬೇಕೆನಿಸುವ ನೀರು. ಮೀನು ಸಾಕಣೆಯ ಪುಸ್ತಕಗಳ ಮರಾಠಿಯಲ್ಲಿ ಅದಕ್ಕೊಂದು ಮರ್ಯಾದೆಯ ಹೆಸರಿದೆ: ನಿಮಖಾರೆ, ಅರೆ ಉಪ್ಪಿನದು.

ಕರಾವಳಿಯವರಿಗೆ ಈ ನೀರಿನ ಬಗ್ಗೆ ಇಂಥ ಅಸಡ್ಡೆಯಿಲ್ಲ. ಹೊಳೆ ಕಡಲಿಗೆ ಸೇರುವ ಬಾಯಿಗೆ ಅವರು ಅಳಿವೆ ಎನ್ನುತ್ತಾರೆ. ಕುಮಟಾದ ಬಳಿಯ ಅಘನಾಶಿನಿ ಅಳಿವೆಯಲ್ಲಿ ಬಳಚು ಹೆಕ್ಕುವವರು, ಸೀಗಡಿ ಏಡಿ ಹಿಡಿಯುವವರು, ಗಜನಿ ಗದ್ದೆಯಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವವರು ಎಲ್ಲರೂ ಬದುಕುವುದು ಈ ನಡುವಿನ ನೀರಿನ ಮೇಲೆಯೇ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು.

ಇದೇ ನೀರನ್ನು ಬೇಡುವ ಮೀನೊಂದು, ಕಡಲಿಗಿಂತ ಐನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಪುಣೆಯಂಥ ಊರಿನ ಅಕ್ವೇರಿಯಂ ಅಂಗಡಿಯಲ್ಲಿ ಸಿಹಿನೀರಿನ ಗಾಜಿನ ಪೆಟ್ಟಿಗೆಯೊಳಗೆ ಸಿಗುತ್ತದೆ. ಹಸಿರು ಮೈ, ಮೇಲೆ ಕಪ್ಪು ಚುಕ್ಕಿ, ಬಿಳಿ ಹೊಟ್ಟೆ, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು. ಗಾಜಿನ ಹತ್ತಿರ ಯಾರು ಬಂದರೂ ಕಣ್ಣು ಹೊರಳಿಸಿ ನೋಡುತ್ತದೆ, ಬಾಲ ಆಡಿಸುತ್ತ ಹಿಂದೆಯೇ ಬರುತ್ತದೆ. ಅದನ್ನು ನೋಡಿ ಬರಿಗೈಯಲ್ಲಿ ಮನೆಗೆ ಬರುವುದು ಮಕ್ಕಳಿಗಂತೂ ಆಗದ ಮಾತು. ಹೆಸರು ಕೇಳಿದರೆ ಪಫರ್ ಎನ್ನುತ್ತಾರೆ. ತೊಡಕು ಶುರುವಾಗುವುದು ಆ ಒಂದೇ ಹೆಸರಿನಿಂದ.

ಪಫರ್ ಕುಟುಂಬದಲ್ಲಿ ಇನ್ನೂರರ ಹತ್ತಿರ ಜಾತಿಗಳಿವೆ. ಹೆಚ್ಚಿನವು ಕಡಲಿನವು, ಕೆಲವು ಅಳಿವೆಯವು, ಕೆಲವು ಪೂರ್ತಿ ಹೊಳೆಯವು. ಕೇರಳ ಮತ್ತು ಕರ್ನಾಟಕದ ಘಟ್ಟದ ಹೊಳೆಗಳ ಮಲಬಾರ್ ಪಫರ್ ಅಪ್ಪಟ ಸಿಹಿನೀರಿನ ಮೀನು. ಸುಂದರ್ ಲಾಲ್ ಹೋರಾ ಮತ್ತು ಕೆ.ಕೆ. ನಾಯರ್ 1941ರಲ್ಲಿ ಪಂಪಾ ನದಿಯ ಮಾದರಿಗಳಿಂದ ಅದನ್ನು ವಿವರಿಸಿದರು. ಬೆಳೆದರೂ ಒಂದು ಅಂಗುಲದ ಆಸುಪಾಸು. ಅದಕ್ಕೆ ಉಪ್ಪು ಹಾಕಿದರೆ ತಪ್ಪು. ಹಸಿರು ಚುಕ್ಕಿಯದಕ್ಕೆ ಹಾಕದಿದ್ದರೆ ತಪ್ಪು. ಅಂಗಡಿಯಲ್ಲಿ ಇಬ್ಬರದೂ ಒಂದೇ ಹೆಸರು, ಎಷ್ಟೋ ಸಲ ಒಂದೇ ಸಾಲಿನ ಪೆಟ್ಟಿಗೆ.

ಹೆಸರಿನ ಈ ಗಲಿಬಿಲಿ ಹೊಸದೇನಲ್ಲ. ಗಂಗೆಯ ಮೀನುಗಳ ಕುರಿತ 1822ರ ಪುಸ್ತಕದಲ್ಲಿ ಹಸಿರು ಪಫರ್‌ನ ಹತ್ತಿರದ ಬಂಧುವೊಂದಕ್ಕೆ ಫ್ಲುವಿಯಾಟಿಲಿಸ್, ಎಂದರೆ ನದಿಯದು, ಎಂದು ನಾಮಕರಣವಾಯಿತು. ಅದು ಅಳಿವೆಯ ಚೌಳು ನೀರಿನಲ್ಲೂ ಬಾಳುವ ಮೀನು. ಹೆಸರಿಟ್ಟವರು ಫ್ರಾನ್ಸಿಸ್ ಬುಕನನ್. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿ ಬರೆದ ಪ್ರವಾಸದ ದಾಖಲೆಯಿಂದ ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರುವವರೇ. ಇನ್ನು ಹಸಿರು ಚುಕ್ಕಿಯ ಪಫರ್‌ನ ಇಡೀ ಜೀನೋಮನ್ನು ವಿಜ್ಞಾನಿಗಳು ಓದಿ 2004ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ತೀರ ಚಿಕ್ಕ ಜೀನೋಮುಗಳಲ್ಲೊಂದು, ಮನುಷ್ಯನದರ ಎಂಟನೇ ಒಂದು ಪಾಲಿನಷ್ಟು. ಅಷ್ಟು ಓದಿಸಿಕೊಂಡ ಮೀನು, ಯಾವ ನೀರಿನದೆಂಬ ಚೀಟಿಯಿಲ್ಲದೆ ಪ್ಲಾಸ್ಟಿಕ್ ಚೀಲದಲ್ಲಿ ಮನೆಗೆ ಬರುತ್ತದೆ.

ಮರಿಯಿರುವಾಗ ಅದು ಸಿಹಿನೀರನ್ನು ತಾಳಿಕೊಳ್ಳುತ್ತದೆ, ಮೋಸ ನಡೆಯುವುದೂ ಅದರಿಂದಲೇ. ವಾರಗಳು, ತಿಂಗಳುಗಳು ಚೆನ್ನಾಗಿಯೇ ಕಳೆಯುತ್ತವೆ. ಬೆಳೆದಂತೆ ಬಣ್ಣ ಮಂಕಾಗುತ್ತದೆ, ಹೊಟ್ಟೆ ಬೂದಿಯಾಗುತ್ತದೆ, ರೋಗ ಒಂದರ ಹಿಂದೆ ಒಂದು ಹತ್ತುತ್ತದೆ. ಸರಿಯಾದ ನೀರಿನಲ್ಲಿ ಹದಿನೈದು ಸೆಂಟಿಮೀಟರ್ ಬೆಳೆದು ಹತ್ತು ವರ್ಷ ಬಾಳಬಲ್ಲ ಜೀವ ಎರಡನೇ ವರ್ಷ ಕಾಣದೆ ಹೋಗುತ್ತದೆ. ಮನೆಯವರು ಅದಕ್ಕೆ ಆಯಸ್ಸೇ ಅಷ್ಟು ಎಂದುಕೊಳ್ಳುತ್ತಾರೆ.

*

ನಿಗಡಿಯ ನಲ್ಲಿಯಲ್ಲಿ ಬರುವುದು ಪವನಾ ನದಿ. ಲೋಣಾವಳದ ಹತ್ತಿರ, ಸಹ್ಯಾದ್ರಿಯ ನೆತ್ತಿಗೆ ಒತ್ತಿಕೊಂಡ ಅಣೆಕಟ್ಟಿನಿಂದ ಬಿಟ್ಟ ನೀರನ್ನು ಪಿಂಪ್ರಿ-ಚಿಂಚ್‌ವಾಡ್ ಪಾಲಿಕೆ ರಾವೇತಿನಲ್ಲಿ ಎತ್ತಿ, ನಿಗಡಿಯ ಸೆಕ್ಟರ್ 23ರ ಶುದ್ಧೀಕರಣ ಘಟಕಕ್ಕೆ ತಳ್ಳಿ, ಅಲ್ಲಿಂದ ಊರಿಗೆ ಹಂಚುತ್ತದೆ. 2019ರ ನವೆಂಬರಿನಲ್ಲಿ ದಿನ ಬಿಟ್ಟು ದಿನ ನೀರು ಕೊಡುವ ಪದ್ಧತಿ ಬಂತು. ಅರಬ್ಬಿ ಸಮುದ್ರ ಇಲ್ಲಿಂದ ಪಶ್ಚಿಮಕ್ಕೆ ನೂರು ಕಿಲೋಮೀಟರಿನ ಆಸುಪಾಸು. ಆದರೆ ಪವನಾ ಆ ಕಡೆ ತಿರುಗಿಯೂ ನೋಡುವುದಿಲ್ಲ. ಪೂರ್ವಕ್ಕೆ ಹರಿದು ಮುಳಾ ಸೇರಿ, ಭೀಮೆಯಾಗಿ, ಕಲಬುರಗಿ ಯಾದಗಿರಿ ದಾಟಿ ರಾಯಚೂರಿನ ಸೀಮೆಯಲ್ಲಿ ಕೃಷ್ಣೆಗೆ ಕೂಡಿ, ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿ ಕಾಣುತ್ತದೆ. ನಿಗಡಿಯ ನೀರಿಗೆ ತನ್ನ ಅಳಿವೆ ಅಷ್ಟು ದೂರ.

ಕಪ್ಪು ಕಲ್ಲಿನ ಮೇಲೆ ಬಿದ್ದ ಮಳೆಯ ನೀರಾದ್ದರಿಂದ ಅಣೆಕಟ್ಟಿನ ನೀರು ಮೃದು. ಬೇಳೆ ಚೆನ್ನಾಗಿ ಬೇಯುತ್ತದೆ, ಸಾಬೂನು ಚೆನ್ನಾಗಿ ನೊರೆಯುತ್ತದೆ. ಅಳಿವೆಯ ಮೀನಿಗೆ ಬೇಕಾದ ಸುಣ್ಣದಂಶ ಮಾತ್ರ ಅದರಲ್ಲಿ ಸಾಲದು. ಬೇಸಿಗೆಯಲ್ಲಿ ಸೊಸೈಟಿಗೆ ಟ್ಯಾಂಕರ್ ಬಂದರೆ ಕತೆಯೇ ಬೇರೆ. ಅದು ಬಹುಪಾಲು ಬೋರ್‌ವೆಲ್ ನೀರು, ಗಡಸು. ನೆಲದಡಿಯ ಟ್ಯಾಂಕಿನಲ್ಲಿ ಎರಡೂ ಬೆರೆತು ಮೇಲೇರುತ್ತವೆ. ಹೀಗಾಗಿ ಪರೀಕ್ಷೆಯ ಮೊದಲ ಪಾಠ ಮೀನಿನ ಪೆಟ್ಟಿಗೆಯದಲ್ಲ, ನಲ್ಲಿಯದು. ನಲ್ಲಿ ನೀರಿನ ದಿನ ಒಮ್ಮೆ, ಟ್ಯಾಂಕರಿನ ದಿನ ಒಮ್ಮೆ, ಮಳೆಗಾಲದ ಕೆಂಪು ನೀರಿಗೆ ಕ್ಲೋರಿನ್ ಹೆಚ್ಚಿದಾಗ ಒಮ್ಮೆ ಅಳೆದು ಬರೆದಿಟ್ಟುಕೊಂಡರೆ ಆ ಮನೆಗೆ ಬರುವ ನೀರಿನ ಗುಣ ತಿಳಿಯುತ್ತದೆ. ಕ್ಲೋರಿನ್ ತೆಗೆಯಲು ಅಂಗಡಿಯಲ್ಲಿ ಕೊಡುವ ಹೈಪೋ ಎಂದರೆ ಸೋಡಿಯಂ ಥಯೋಸಲ್ಫೇಟ್. ಕೆಲವೇ ಹರಳು ಸಾಕು.

ಈ ನೀರು ಪುಕ್ಕಟೆಯದೂ ಅಲ್ಲ. ಪವನಾ ಅಣೆಕಟ್ಟಿನಿಂದ ಪಿಂಪ್ರಿ-ಚಿಂಚ್‌ವಾಡಿಗೆ ಕೊಳವೆ ಹಾಕುವ ಯೋಜನೆಯನ್ನು ವಿರೋಧಿಸಿ ಮಾವಳದ ರೈತರು 2011ರ ಆಗಸ್ಟ್ 9ರಂದು ರಸ್ತೆಗಿಳಿದಾಗ ಪೊಲೀಸರ ಗುಂಡಿಗೆ ಮೂವರು ಬಲಿಯಾದರು. ಪ್ರತಿ ವಾರ ಮೂವತ್ತು ಲೀಟರ್ ಬದಲಿಸಿ ಚೆಲ್ಲುವ ಹವ್ಯಾಸಕ್ಕೆ ಕೈಹಾಕುವವರು ಇದನ್ನೂ ಲೆಕ್ಕದಲ್ಲಿಟ್ಟುಕೊಳ್ಳಬೇಕು. ಸಿಹಿನೀರಿನ ಅಕ್ವೇರಿಯಂ ಆದರೆ ತೆಗೆದ ನೀರು ತುಳಸಿಗೆ, ದಾಸವಾಳಕ್ಕೆ ಗೊಬ್ಬರ. ಉಪ್ಪು ಬೆರೆತದ್ದು ಗಿಡಕ್ಕೂ ಬಾರದು; ಶೌಚಾಲಯಕ್ಕೆ ಹಾಕಬಹುದು, ಅಷ್ಟೆ.

*

ಇನ್ನು ಉಪ್ಪು. ಅಡುಗೆಮನೆಯ ಡಬ್ಬಿಯದನ್ನು ಹಾಕಿದರಾಗದೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಇದಕ್ಕೆ ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಉಪ್ಪಿನಾಗರಗಳಲ್ಲಿ ಉತ್ತರವಿದೆ. ಅಳಿವೆಯ ನೀರನ್ನು ಪಾತಿಗಳಲ್ಲಿ ಬಿಸಿಲಿಗೆ ನಿಲ್ಲಿಸಿದಾಗ ಮೊದಲು ತಳ ಕಾಣುವುದು ಸುಣ್ಣ ಮತ್ತು ಜಿಪ್ಸಮ್. ಆಮೇಲೆ ಹರಳುಗಟ್ಟುವುದು ಉಪ್ಪು. ಕೊನೆಗೆ ಉಳಿಯುವ ಕಹಿ ನೀರಿನಲ್ಲಿ ಮೆಗ್ನೀಸಿಯಂ. ಅಂದರೆ ಕಡಲಿನಿಂದಲೇ ಬಂದ ಕಲ್ಲುಪ್ಪು ಕೂಡ ಮತ್ತೆ ನೀರಿಗೆ ಹಾಕಿದರೆ ಕಡಲಾಗುವುದಿಲ್ಲ. ಕಡಲಿನ ಲವಣದಲ್ಲಿ ಸೋಡಿಯಂ ಕ್ಲೋರೈಡಿನದು ಮುಕ್ಕಾಲು ಪಾಲು. ಉಳಿದ ಕಾಲು ಪಾಲು ಪಾತಿಯಲ್ಲೇ ಬೇರೆಯಾಗಿ ಹೋಗಿರುತ್ತದೆ. ಅಡುಗೆಯ ಉಪ್ಪಿನಿಂದ ನೀರಿನ ತೂಕ ಏರುತ್ತದೆ, ಅದರ ಗುಣ ಬದಲಾಗುವುದಿಲ್ಲ. ಆ ಕಾಲು ಪಾಲನ್ನೂ ಕೂಡಿಸಿ ಮಾಡಿದ ಮರೈನ್ ಸಾಲ್ಟ್ ಮಿಕ್ಸ್ ಅಂಗಡಿಯಲ್ಲಿ ಬೇರೆಯೇ ಸಿಗುತ್ತದೆ, ಮೀನಿಗಿಂತ ದುಬಾರಿ.

ಎಷ್ಟು ಹಾಕಬೇಕೆಂದು ಹೇಳುವುದು ಹೈಡ್ರೋಮೀಟರ್, ಹಾಲಿನ ಡೈರಿಯ ಲ್ಯಾಕ್ಟೋಮೀಟರಿನ ತಮ್ಮ. ಶುದ್ಧ ನೀರಿನಲ್ಲಿ 1.000 ತೋರಿಸುವ ಇದು ಕಡಲ ನೀರಿನಲ್ಲಿ 1.026ರ ಆಸುಪಾಸಿಗೆ ಬರುತ್ತದೆ. ಮರಿಗೆ 1.005 ಸಾಕು, ಲೀಟರಿಗೆ ಸುಮಾರು 7 ಗ್ರಾಂ. ನೂರು ಲೀಟರಿಗೆ 700 ಗ್ರಾಂ, ವಾರಕ್ಕೆ ಮೂವತ್ತು ಲೀಟರ್ ಬದಲಿಸಿದರೆ ಮತ್ತೆ 210 ಗ್ರಾಂ. ಮೀನು ಬೆಳೆದಂತೆ 1.015ಕ್ಕೆ, ಅದರಾಚೆಗೂ ಏರಿಸಬೇಕು; ಆಗ ವಾರದ ಖರ್ಚು 600 ಗ್ರಾಂ. ಏರಿಸುವುದು ವಾರಕ್ಕೆ 0.002ರಷ್ಟು, ನಿಧಾನ. ಮೀನು ಅದಕ್ಕಿಂತ ಬೇಗ ಹೊಂದಿಕೊಂಡೀತು, ಫಿಲ್ಟರಿನ ಬ್ಯಾಕ್ಟೀರಿಯಾಕ್ಕೆ ಕಾಲ ಬೇಕು. ಉಪ್ಪನ್ನು ಬಕೆಟಿನಲ್ಲಿ ಹಿಂದಿನ ದಿನವೇ ಕರಗಿಸಿಟ್ಟು ಸುರಿಯಬೇಕು, ಪೆಟ್ಟಿಗೆಯೊಳಗೆ ಉದುರಿಸಬಾರದು.

ಏಪ್ರಿಲ್-ಮೇ ತಿಂಗಳ ಪುಣೆಯ ಒಣ ಗಾಳಿಯಲ್ಲಿ ಪೆಟ್ಟಿಗೆಯ ನೀರು ದಿನದಿನಕ್ಕೂ ಇಳಿಯುತ್ತದೆ. ಆರುವುದು ನೀರು, ಉಪ್ಪು ಅಲ್ಲಿಯೇ. ನೂರು ಲೀಟರ್ ತೊಂಬತ್ತಾದಾಗ ಅದೇ ಉಪ್ಪು ತೊಂಬತ್ತರಲ್ಲಿ ಕೂತಿರುತ್ತದೆ. ಆರಿದ್ದನ್ನು ತುಂಬಲು ಸಪ್ಪೆ ನೀರು, ತೆಗೆದಿದ್ದನ್ನು ತುಂಬಲು ಉಪ್ಪು ನೀರು: ಹೊಸಬರು ಎಡವುವುದು ಈ ಎರಡನ್ನು ಒಂದೆಂದುಕೊಂಡಾಗ.

*

ಪರೀಕ್ಷೆಯ ಪೆಟ್ಟಿಗೆಯಲ್ಲಿರುವ ಸೀಸೆಗಳು ನಾಲ್ಕೈದು. ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್, ಮತ್ತು ಕ್ಷಾರತೆಯನ್ನು ಅಳೆಯುವ ಕೆಎಚ್. ಪಫರ್ ಹೊಲಸು ಮಾಡುವ ಮೀನು. ಕಚ್ಚಿ, ಹರಿದು, ಅರ್ಧ ಉಗಿದು ತಿನ್ನುತ್ತದೆ. ಕೊಳೆತ ಚೂರು ಮತ್ತು ಮೀನಿನ ಕಿವಿರುಗಳಿಂದ ಬಂದದ್ದು ಅಮೋನಿಯಾ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೇಟ್. ಹೊಸ ಪೆಟ್ಟಿಗೆಯಲ್ಲಿ ಇವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಮಾತ್ರ ಏರತೊಡಗಿದಾಗ ಪೆಟ್ಟಿಗೆ ಸಿದ್ಧವಾದಂತೆ.

ಚೌಳು ನೀರಿನಲ್ಲಿ ಈ ಅಂಕಿಗಳನ್ನು ಬೇರೆ ರೀತಿ ಓದಬೇಕಾಗುತ್ತದೆ. ಅಮೋನಿಯಾಕ್ಕೆ ನೀರಿನಲ್ಲಿ ಎರಡು ರೂಪ. ಒಂದು ಸಾಧು, ಒಂದು ವಿಷ. ಪಿಎಚ್ 7ರಲ್ಲಿ ವಿಷದ ಪಾಲು ಶೇಕಡ 1ಕ್ಕೂ ಕಡಿಮೆ, 8ರಲ್ಲಿ ಶೇಕಡ 5ರ ಸುಮಾರು. ಅಳಿವೆಯ ಮೀನಿಗೆ ಬೇಕಾದದ್ದು 8ರ ಆಸುಪಾಸಿನ ನೀರೇ. ಹೀಗಾಗಿ ಪಕ್ಕದ ಮನೆಯ ಗಪ್ಪಿಗಳು ತಾಳಿಕೊಂಡ ಅದೇ ತಿಳಿಹಸಿರು ಬಣ್ಣ ಇಲ್ಲಿ ಎಂಟು ಹತ್ತು ಪಟ್ಟು ಕೆಟ್ಟ ಸುದ್ದಿ. ನೈಟ್ರೈಟಿನ ವಿಷಯದಲ್ಲಿ ಉಪ್ಪು ಉಪಕಾರಿ. ಅದರ ಕ್ಲೋರೈಡ್ ಕಿವಿರುಗಳ ಬಾಗಿಲಲ್ಲಿ ನಿಂತು ನೈಟ್ರೈಟನ್ನು ಅಷ್ಟು ಸುಲಭವಾಗಿ ಒಳಗೆ ಬಿಡುವುದಿಲ್ಲ. ಬಣ್ಣವನ್ನು ಹಗಲು ಬೆಳಕಿನಲ್ಲಿ ನೋಡಬೇಕು. ಟ್ಯೂಬ್‌ಲೈಟಿನಲ್ಲಿ ಹಳದಿಯೂ ಹಸಿರಾಗಿ ಕಂಡೀತು. ಕಿಟ್ ಕೊಳ್ಳುವಾಗ ಉಪ್ಪುನೀರಿಗೂ ಆಗುತ್ತದೆಯೇ ಎಂದು ಡಬ್ಬಿಯ ಮೇಲೆ ಓದಬೇಕು.

ಇಲ್ಲೊಂದು ಪುಣೆಯದೇ ವಿಷಯ. ದಖನಿನ ಕಪ್ಪು ಕಲ್ಲಿನ ಪೊಟರೆಗಳಲ್ಲಿ ಬೆಳೆಯುವ ಜಿಯೋಲೈಟ್ ಹರಳುಗಳಿಗೆ ಈ ಸೀಮೆ ಜಗತ್ತಿಗೇ ಹೆಸರುವಾಸಿ. ವಾಘೋಲಿಯ ಕಲ್ಲುಗಣಿಗಳ ಹರಳು ದೇಶವಿದೇಶದ ಸಂಗ್ರಹಾಲಯಗಳಲ್ಲಿವೆ. ಅದೇ ಕುಲದ ಜಿಯೋಲೈಟನ್ನು ಅಮೋನಿಯಾ ಹೀರುವ ಕಲ್ಲು ಎಂದು ಅಕ್ವೇರಿಯಂ ಅಂಗಡಿಗಳು ಮಾರುತ್ತವೆ. ಸಿಹಿನೀರಿನಲ್ಲಿ ಅದು ನಿಜ. ಉಪ್ಪುನೀರಿನಲ್ಲಿ ಸೋಡಿಯಂ ಬಂದು ಅಮೋನಿಯಾದ ಜಾಗ ಹಿಡಿಯುತ್ತದೆ, ಹೀರಿಟ್ಟದ್ದು ಹೊರಬೀಳುತ್ತದೆ. ತುಂಬಿಹೋದ ಜಿಯೋಲೈಟನ್ನು ಮತ್ತೆ ಹುರುಪುಗೊಳಿಸಲು ಜನ ಉಪ್ಪುನೀರಿನಲ್ಲೇ ನೆನೆಸುತ್ತಾರೆ. ಸಿಹಿನೀರಿನ ಪೆಟ್ಟಿಗೆಯನ್ನು ಚೌಳಿಗೆ ಬದಲಿಸುವವರು ಫಿಲ್ಟರಿನ ಆ ಚೀಲವನ್ನು ಮೊದಲು ತೆಗೆದಿಡುವುದು ಕ್ಷೇಮ.

ಎಲ್ಲಕ್ಕಿಂತ ಕಡಿಮೆ ಗಮನ ಪಡೆಯುವುದು ಕೆಎಚ್. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡುವಾಗ ಬ್ಯಾಕ್ಟೀರಿಯಾ ಏಳು ಗ್ರಾಂನಷ್ಟು ಕ್ಷಾರತೆಯನ್ನು ತಿಂದುಹಾಕುತ್ತವೆ. ಪವನಾದ ಮೃದು ನೀರಿಗೆ ಬರೀ ಅಡುಗೆಯ ಉಪ್ಪು ಹಾಕಿದ ಪೆಟ್ಟಿಗೆಯಲ್ಲಿ ಆ ಬಂಡವಾಳ ಬೇಗ ಕರಗುತ್ತದೆ. ಪಿಎಚ್ ಬಹಳ ದಿನ ಅಲ್ಲಾಡದೆ ನಿಂತು, ಒಂದು ವಾರದಲ್ಲಿ ಕುಸಿಯುತ್ತದೆ. ಪಿಎಚ್ ಮಾತ್ರ ಅಳೆಯುವವರಿಗೆ ಕುಸಿತ ಕಾಣುವುದು ಆದಮೇಲೆ. ಕೆಎಚ್ ಅಳೆಯುವವರಿಗೆ ಮುಂಚೆ. ಪಿಎಚ್ ಇವತ್ತಿನ ಕೈಕಾಸು, ಕೆಎಚ್ ಬ್ಯಾಂಕಿನಲ್ಲಿರುವ ಉಳಿತಾಯ.

*

ಆ ಉಳಿತಾಯಕ್ಕೆ ಒಂದಿಷ್ಟು ನೆರವು ತಳಹಾಸಿನಿಂದ ಬರುತ್ತದೆ. ಅಂಗಡಿಯವರು ಮೊದಲು ತೋರಿಸುವುದು ಹವಳದ ಪುಡಿ. ಕೆಲಸಕ್ಕೇನೋ ಅದು ಒಳ್ಳೆಯದೇ. ಆದರೆ 2001ರಲ್ಲಿ ಭಾರತದ ದಿಬ್ಬ ಕಟ್ಟುವ ಹವಳಗಳೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ, ಎಂದರೆ ಹುಲಿ ಇರುವ ಪಟ್ಟಿಗೆ, ಸೇರಿವೆ. ಮೂಲ ತಿಳಿಯದ ಹವಳದ ಚೀಲವನ್ನು ಮನೆಗೆ ತರಬಾರದು. ಒಂದು ಮೀನಿಗೆ ಕರಾವಳಿ ಕಟ್ಟಲು ಇನ್ನೊಂದು ಕಡೆಯ ಕರಾವಳಿ ಕೆಡವಿದಂತಾಗುತ್ತದೆ. ವಾರದ ರಜೆಗೆ ಕೊಂಕಣಕ್ಕೆ ಹೋದವರು ಕಡಲ ದಂಡೆಯಿಂದ ಮರಳು ಚೀಲ ತುಂಬುವುದೂ ಇದೇ ಜಾತಿಯ ಕೆಲಸ.

ಅದೇ ರಾಸಾಯನಿಕ ಎಲೆ-ಅಡಿಕೆಯ ತಟ್ಟೆಯ ಹಿಂದೆಯೂ ಇದೆ. ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುವುದು ಹಳೆಯ ಕಸುಬು. ಸುಡುವ ಮುಂಚಿನ ಚಿಪ್ಪು ಮತ್ತು ಹವಳ ಎರಡೂ ಕ್ಯಾಲ್ಸಿಯಂ ಕಾರ್ಬೊನೇಟೇ. ಕೋಳಿಗಳ ಮೇವಿಗೆ ಬೆರೆಸುವ ಚಿಪ್ಪಿನ ನುಚ್ಚು ಕೆಲವೇ ರೂಪಾಯಿಗೆ ಸಿಗುತ್ತದೆ. ಅಮೃತಶಿಲೆಯ ಚೂರೂ ಆಗುತ್ತದೆ. ಸುಟ್ಟ ಸುಣ್ಣವನ್ನಂತೂ ಎಂದೂ ಹಾಕಬಾರದು, ಅದು ಮೀನನ್ನೇ ಸುಟ್ಟೀತು. ಕೈಯಲ್ಲಿರುವ ಕಲ್ಲು ಯಾವುದೆಂದು ತಿಳಿಯಲು ನಿಂಬೆರಸದ ಎರಡು ಹನಿ ಸಾಕು: ಬುಳುಬುಳು ಎಂದರೆ ಕಾರ್ಬೊನೇಟ್, ಸುಮ್ಮನಿದ್ದರೆ ಅಲ್ಲ. ಪುಣೆಯ ಕಟ್ಟಡಗಳಿಗೆ ಬಳಸುವ ಕ್ರಶ್ ಸ್ಯಾಂಡ್ ಸುಮ್ಮನಿರುತ್ತದೆ. ಅದು ಕಪ್ಪು ಕಲ್ಲು.

ಹಾಗೆಂದು ನೆಲಕ್ಕೆಲ್ಲ ಚಿಪ್ಪಿನ ನುಚ್ಚು ಹರಡಬೇಕಿಲ್ಲ. ಪಿಎಚ್ 8ರ ಹತ್ತಿರವಿದ್ದಾಗ ಅದು ಕರಗುವುದು ಅತ್ಯಲ್ಪ. ಮೇಲೆ ಪಾಚಿ, ಲೋಳೆ ಕಟ್ಟಿದರೆ ಅಷ್ಟೂ ಇಲ್ಲ. ನೀರು ಹಾಯ್ದುಹೋಗುವ ಫಿಲ್ಟರಿನೊಳಗೆ ಒಂದು ಬಟ್ಟೆಚೀಲದಲ್ಲಿಟ್ಟರೆ ಅದೇ ನುಚ್ಚು ಹೆಚ್ಚು ದುಡಿಯುತ್ತದೆ, ತೊಳೆಯಲೂ ಸುಲಭ. ಆಗ ನೆಲವನ್ನು ಮೀನಿನ ಇಷ್ಟಕ್ಕೆ ಬಿಡಬಹುದು. ಪಫರ್‌ಗೆ ಹುರುಪೆಯಿಲ್ಲ, ಚರ್ಮವೇ ಬಯಲು. ಬಾಯಿಂದ ನೀರು ಊದಿ ಮರಳು ಕೆದಕಿ ತಿಂಡಿ ಹುಡುಕುತ್ತದೆ, ಹೊಟ್ಟೆಯೂರಿ ಮಲಗುತ್ತದೆ. ಚೂಪು ಅಂಚಿನ ನುಚ್ಚಿನ ಮೇಲೆ ಇದು ಹಿತವಲ್ಲ. ದಪ್ಪ ಬಣ್ಣದ ಜಲ್ಲಿಯ ಸಂದಿಗಳಲ್ಲಿ ಬಳಚಿನ ಚೂರು ಇಳಿದು ಕೊಳೆಯುತ್ತದೆ, ಅಮೋನಿಯಾದ ಸೀಸೆಗೆ ಕೆಲಸ ಹೆಚ್ಚುತ್ತದೆ. ಎರಡು ಮೂರು ಸೆಂಟಿಮೀಟರ್ ದಪ್ಪಕ್ಕೆ ನುಣ್ಣನೆಯ, ದುಂಡು ಕಣದ, ಚೆನ್ನಾಗಿ ತೊಳೆದ ಮರಳು ಸಾಕು. ಬಹಳ ಆಳವಾದರೆ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಹುಟ್ಟುತ್ತದೆ.

ಮರಳಿನ ಬಗ್ಗೆ ಈ ಕುಲ ಎಷ್ಟು ಕಟ್ಟುನಿಟ್ಟೆಂಬುದಕ್ಕೆ ಜಪಾನಿನ ಅಮಾಮಿ ಓಶಿಮಾದ ಕಡಲ ತಳದಲ್ಲಿ ಸಾಕ್ಷಿಯಿದೆ. 1995ರಲ್ಲಿ ಮುಳುಗುಗಾರರ ಕಣ್ಣಿಗೆ ಎರಡು ಮೀಟರ್ ಅಗಲದ, ರಂಗೋಲಿಯಂಥ ವೃತ್ತಗಳು ಬಿದ್ದವು. ಬಿಡಿಸಿದ್ದು ಯಾರೆಂದು ವರ್ಷಗಟ್ಟಲೆ ತಿಳಿಯಲಿಲ್ಲ. ಗೇಣುದ್ದಕ್ಕೂ ಕಡಿಮೆಯ ಗಂಡು ಪಫರ್ ಒಂದು ವಾರಕ್ಕೂ ಹೆಚ್ಚು ಕಾಲ ರೆಕ್ಕೆಯಿಂದ ಮರಳು ಉತ್ತು, ದಿಣ್ಣೆಗಳ ಮೇಲೆ ಚಿಪ್ಪಿನ ಚೂರಿಟ್ಟು, ನಡುವೆ ಅತಿ ನುಣ್ಣನೆಯ ಮರಳು ಶೇಖರವಾಗುವಂತೆ ಕಟ್ಟುತ್ತದೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹೆಣ್ಣು ಮೊಟ್ಟೆಯಿಡುವುದು ಆ ನಡುವಿನ ಮರಳಿನಲ್ಲಿ.

*

ಅಘನಾಶಿನಿಯಲ್ಲಿ ಉಬ್ಬರ ಬಂದಾಗ ನೀರು ಉಪ್ಪಾಗುತ್ತದೆ, ಇಳಿತಕ್ಕೆ ತಿಳಿಯಾಗುತ್ತದೆ, ಮಳೆಗಾಲದಲ್ಲಿ ಬಹುತೇಕ ಸಿಹಿಯಾಗುತ್ತದೆ. ಇಷ್ಟೆಲ್ಲ ಏರಿಳಿತ ತಾಳುವ ಮೀನು ಮನೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ತಾಳದೇ ಎಂದು ಕೇಳುವವರಿದ್ದಾರೆ. ಅಳಿವೆಯಲ್ಲಿ ಬದಲಾಗುವುದು ಉಪ್ಪು. ಅಮೋನಿಯಾವನ್ನು ಅಲ್ಲಿನ ಅಪಾರ ನೀರು ಒಯ್ದುಬಿಡುತ್ತದೆ, ಸುಣ್ಣವನ್ನು ಕೆಸರಿನ ಚಿಪ್ಪುಗಳು ಮತ್ತು ಕಡಲು ತುಂಬಿಕೊಡುತ್ತವೆ. ಸಾಲದಿದ್ದರೆ ಮೀನು ಬೇರೆಡೆ ಈಜಿಹೋಗುತ್ತದೆ. ನೂರು ಲೀಟರಿನ ಪೆಟ್ಟಿಗೆಯಲ್ಲಿ ಒಯ್ಯುವ, ತುಂಬುವ ಕೆಲಸ ಮನೆಯವರದು; ಈಜಿಹೋಗುವ ದಾರಿಯಂತೂ ಇಲ್ಲ.

ಊಟದ ಪ್ರಶ್ನೆಯೂ ಉಂಟು. ಪಫರ್‌ನ ನಾಲ್ಕು ಹಲ್ಲು ಬೆಸೆದು ಗಿಣಿಯ ಕೊಕ್ಕಿನಂತಾಗಿರುತ್ತವೆ, ಬೆಳೆಯುತ್ತಲೇ ಇರುತ್ತವೆ. ಸವೆಯಲು ಗಟ್ಟಿ ಚಿಪ್ಪು ಬೇಕು. ಇಲ್ಲವಾದರೆ ಬಾಯಿ ತೆರೆಯಲಾಗದೆ ಹಸಿವಿನಿಂದ ಸಾಯುತ್ತದೆ. ಅದಕ್ಕಾಗಿ ಇನ್ನೊಂದು ಡಬ್ಬಿಯಲ್ಲಿ ಬಸವನಹುಳು ಸಾಕಬೇಕು, ಮೀನು ಮಾರ್ಕೆಟ್ಟಿನಿಂದ ತಿಸ್ರ್ಯಾ ತರಬೇಕು. ಕುಮಟಾದಲ್ಲಿ ಬಳಚು, ಮಂಗಳೂರಿನಲ್ಲಿ ಮರುವಾಯಿ ಎನ್ನುವ ಚಿಪ್ಪುಗಳ ಮರಾಠಿ ಹೆಸರು ಅದು. ಈರುಳ್ಳಿಯನ್ನೂ ಲೆಕ್ಕ ಹಾಕಿ ತಿನ್ನುವ ಮನೆಯ ಫ್ರೀಜರಿನಲ್ಲಿ ತಿಸ್ರ್ಯಾಗೆ ಜಾಗ ಸಿಗುತ್ತದೆಯೇ ಎಂಬುದನ್ನು ಮೀನು ಬರುವ ಮುಂಚೆಯೇ ಮಾತಾಡಿಕೊಳ್ಳುವುದು ಮೇಲು. ಮಗು ನಾಲ್ಕನೇ ಕ್ಲಾಸಿನಲ್ಲಿದ್ದಾಗ ತಂದ ಮೀನು ಅದು ಕಾಲೇಜಿಗೆ ಹೋಗುವಾಗಲೂ ಬಸವನಹುಳು ಕೇಳುತ್ತಿರಬಹುದು. ಮೇಲಾಗಿ ಅಂಗಡಿಗೆ ಬರುವ ಹಸಿರು ಚುಕ್ಕಿಯ ಪಫರ್‌ಗಳಲ್ಲಿ ಹೆಚ್ಚಿನವು ಆಗ್ನೇಯ ಏಷ್ಯಾದ ಅಳಿವೆಗಳಲ್ಲಿ ಹಿಡಿದವು, ಸಾಕಿ ಮರಿ ಮಾಡಿಸಿದವಲ್ಲ.

ಬೇಡವೆಂದು ತೀರ್ಮಾನಿಸಿದರೆ ಅದೂ ಮೀನಿನ ಮೇಲಿನ ಪ್ರೀತಿಯೇ. ಬೇಕೆಂದವರಿಗೆ ಒಂದು ದಾರಿ ಇದೆ. ಮೀನಿಲ್ಲದ ಪೆಟ್ಟಿಗೆಗೆ ಮರಳು ಹಾಸಿ, ಚಿಪ್ಪಿನ ಚೀಲವಿಟ್ಟು, 1.005ಕ್ಕೆ ಉಪ್ಪು ಬೆರೆಸಿ, ಅಮೋನಿಯಾ ಹುಟ್ಟಲು ದಿನಕ್ಕೊಂದು ಚೂರು ಸೀಗಡಿ ಹಾಕುತ್ತ ಆರು ವಾರ ನಡೆಸುವುದು. ಎರಡು ದಿನಕ್ಕೊಮ್ಮೆ ಅಂಕಿ ಬರೆಯುವುದು. ಆ ಆರು ವಾರದಲ್ಲಿ ಒಂದು ಸಲವಾದರೂ ಟ್ಯಾಂಕರ್ ಬಂದಿರಬೇಕು, ಒಂದು ಸಲ ಕರೆಂಟು ಹೋಗಿ ಫಿಲ್ಟರ್ ನಿಂತಿರಬೇಕು, ಮನೆಯವರು ನಾಲ್ಕು ದಿನ ಊರಿಗೆ ಹೋಗಿ ಬಂದಿರಬೇಕು. ಇಷ್ಟಾದ ಮೇಲೂ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ಕೆಎಚ್ ಇದ್ದಲ್ಲೇ ಇದ್ದರೆ, ಹೈಡ್ರೋಮೀಟರನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಬಹುದು. ಅಲ್ಲಿನ ಪೆಟ್ಟಿಗೆಯ ನೀರು ಎಷ್ಟು ತೋರಿಸುತ್ತದೆಂದು ನೋಡಿ, ಮನೆಯ ನೀರನ್ನು ಮೊದಲು ಅದಕ್ಕೆ ಇಳಿಸಿಕೊಳ್ಳಬೇಕು. ಅಲ್ಲಿಂದ ಮೇಲಕ್ಕೆ, ವಾರಕ್ಕೆ 0.002.